ದ್ರಾಕ್ಷಾಯಣಿ ಮಾತಾಡುತ್ತಿದ್ದಾರೆ

ಫ್ರೀಜ್ ಆಗಿದೆಯಂತೆ. ಅವಳ ಫೈಲು ಫ್ರೀಜ್ ಆಗಿದೆಯಂತೆ! ಕಾರ್ಲ್ಸ್‌ಬಾಡ್‌ನ ಅಪಾರ್ಟ್‌ಮೆಂಟ್ ಆಫೀಸಿನ ಹೆಂಗಸು ಬೆಳಿಗ್ಗೆ ಫೋನ್ ಮಾಡಿ ಇದನ್ನು ಅದೆಷ್ಟು ಸಿಹಿಯಾಗಿ ಹೇಳಿದಳೆಂದರೆ ದ್ರಾಕ್ಷಾಯಣಿ ಬಾಯಿತಪ್ಪಿ ಥ್ಯಾಂಕ್ಯೂ ಅಂದುಬಿಟ್ಟಳು, ಆಮೇಲೆ ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬರುವವರೆಗೂ ಅಲ್ಲೇ ನಿಂತಿದ್ದಳು. ಥ್ಯಾಂಕ್ಯೂ ಯಾತಕ್ಕೆ ಅಂದೆ? ಮುಖದ ಮೇಲೆ ಬಾಗಿಲು ಹಾಕಿದ್ದಕ್ಕಾ? ಈ ದೇಶದಲ್ಲಿ ಒಂದು ಬಾಡಿಗೆ ಕೋಣೆ ಬೇಕೆಂದರೂ ನಿಮ್ಮ ಮುಖ ನೋಡುವುದಿಲ್ಲ. ಯಾವುದೋ ಊರಿನ ಯಾವುದೋ ಕಂಪನಿ ಇಟ್ಟುಕೊಂಡಿರುವ ನಿಮ್ಮ ಕ್ರೆಡಿಟ್ ಫೈಲು ತೆಗೆಸಿ, ಇವಳು ಬಿಲ್ಲು ಕಟ್ಟುವವಳೋ ಓಡಿಹೋಗುವವಳೋ ಅಂತ ನೋಡುತ್ತಾರೆ. ಆ ಫೈಲನ್ನು ಫ್ರೀಜ್ ಮಾಡಿಸಿದರೆ ಯಾರೂ ತೆಗೆದು ನೋಡುವಂತಿಲ್ಲ. ಕಳ್ಳರು ತಮ್ಮ ಹೆಸರಿನಲ್ಲಿ ಸಾಲ ಎತ್ತಬಾರದು ಅಂತ ಜನ ತಾವೇ ಹಾಕಿಕೊಳ್ಳುವ ಬೀಗ ಅದು. ಅವಳು ಯಾವ ಬೀಗವನ್ನೂ ಹಾಕಿರಲಿಲ್ಲ. ಸಂಜೆ ಐದರೊಳಗೆ ತೆಗೆಸಿಬಿಡಿ, ಇಲ್ಲದಿದ್ದರೆ ನಿಮ್ಮ ಹಿಂದೆ ನಿಂತವರಿಗೆ ಕೋಣೆ ಹೋಗುತ್ತದೆ, ಹ್ಯಾವ್ ಎ ಗ್ರೇಟ್ ಡೇ, ಅಂದಿದ್ದಳು ಆ ಹೆಂಗಸು. ಗ್ರೇಟ್ ಡೇ ಅಂತೆ, ನಿನ್ನ ಗ್ರೇಟ್ ಡೇಗೆ ಬೆಂಕಿ ಹಾಕ, ಅಂದುಕೊಂಡು ದ್ರಾಕ್ಷಾಯಣಿ ಕರಿಕಾದ ರೊಟ್ಟಿಯನ್ನು ಸಿಂಕಿಗೆ ಎಸೆದಳು.

ಒಂದೇ ಒಂದು ಕೋಣೆ. ಅಡಿಗೆಕಟ್ಟೆ, ಮಂಚ, ಬಚ್ಚಲು ಎಲ್ಲಾ ಒಂದರಲ್ಲೇ. ಸೋಮವಾರದಿಂದ ಗುರುವಾರದವರೆಗೆ ಅಲ್ಲಿದ್ದು, ಶುಕ್ರವಾರ ಕೆಲಸ ಮುಗಿಸಿ ವಾಲ್‌ನಟ್‌ನ ಮನೆಗೆ ವಾಪಸ್. ಇದರಲ್ಲಿ ಯಾರ ಮನೆ ಮುರಿಯುತ್ತಿತ್ತು? ಬೇಸಿಗೆಯಿಂದ ಅವಳು ಕತ್ತಲಿರುವಾಗಲೇ ಎದ್ದು, ಗಂಡನ ಡಬ್ಬಿ, ಮಗಳ ಡಬ್ಬಿ ಕಟ್ಟಿಟ್ಟು, ಫ್ರೀವೇ ಮೇಲೆ ಎರಡು ತಾಸು ಕಾರ್ಲ್ಸ್‌ಬಾಡ್‌ವರೆಗೆ ಡ್ರೈವ್ ಮಾಡುತ್ತಿದ್ದಳು. ಅಲ್ಲಿನ ಲ್ಯಾಬಿನಲ್ಲಿ ದಿನವಿಡೀ ಔಷಧದ ಸ್ಯಾಂಪಲ್ಲುಗಳಲ್ಲಿ ಬ್ಯಾಕ್ಟೀರಿಯಾ ಇದೆಯೋ ಇಲ್ಲವೋ ನೋಡಿ, ಸಂಜೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು ವಾಪಸ್ ಬರುವಾಗ ಮಗಳು ಹೋಮ್‌ವರ್ಕ್ ಮುಗಿಸಿ ಕೋಣೆಯ ಬಾಗಿಲು ಹಾಕಿಕೊಂಡಿರುತ್ತಿದ್ದಳು. ಮೊನ್ನೆ ಸ್ಯಾನ್ ಕ್ಲಿಮೆಂಟೆ ದಾಟಿದ ಮೇಲೆ ಕಣ್ಣು ಹತ್ತಿಬಿಟ್ಟಿತ್ತು. ಪಕ್ಕದ ಲಾರಿ ಹಾರ್ನ್ ಹೊಡೆಯದಿದ್ದರೆ ಇವತ್ತು ಈ ರೊಟ್ಟಿಯೂ ಇಲ್ಲ, ಹಂಚೂ ಇಲ್ಲ. ಕೋಣೆ ಸಿಕ್ಕಿದರೆ ಕೆಲಸ ಉಳಿಯುತ್ತದೆ, ಸಿಗದಿದ್ದರೆ ಬಿಡಬೇಕು, ಅಷ್ಟೇ. ಗದಗಿನ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡಿಕೊಂಡಿದ್ದವಳು ಮದುವೆಯಾಗಿ ಇಲ್ಲಿಗೆ ಬಂದು, ವೀಸಾದ ಮೇಲೆ 'ಡಿಪೆಂಡೆಂಟ್' ಅಂತ ಬರೆಸಿಕೊಂಡು, ಕೆಲಸ ಮಾಡಿದರೆ ಅಪರಾಧ ಅನ್ನಿಸಿಕೊಂಡು, ಮಗಳನ್ನು ಈಜಿಗೆ, ಪಿಯಾನೋಗೆ, ಕೂಮನ್ ಟ್ಯೂಷನ್ನಿಗೆ ಡ್ರಾಪ್ ಮಾಡುತ್ತ ಕೂದಲು ಬೆಳ್ಳಗಾಗಿಸಿಕೊಂಡವಳು. ಸರಕಾರ ಕಡೆಗೂ ಕೆಲಸದ ಪರ್ಮಿಟ್ ಕೊಟ್ಟಿತು. ಅದು ಬಂದ ದಿನ ಗಂಡ ಚನ್ನವೀರ ಪೇಡೆ ತಂದಿದ್ದ, ನಿಜ, ಇಲ್ಲ ಅನ್ನಬಾರದು. ಕೋಣೆಯ ಮಾತು ಎತ್ತಿದಾಗ ಮಾತ್ರ ಟೀವಿಯಿಂದ ಕಣ್ಣು ತೆಗೆಯದೆ 'ನೋಡೋಣಂತ' ಅಂದಿದ್ದ. ಅವನ ನೋಡೋಣಂತ ಅವಳಿಗೆ ಗೊತ್ತು. ಅವಳ ತಂಗಿಯ ಮದುವೆಗೆ ಟಿಕೆಟ್ ತೆಗೆಯುವಾಗಲೂ ಅದನ್ನೇ ಅಂದಿದ್ದ, ಮದುವೆಯ ವಿಡಿಯೋ ನೋಡಿದ್ದಾಯಿತು.

ನಿಜವಾಗಿಯೂ ಫ್ರೀಜ್ ಆಗಿದೆಯೋ ಇಲ್ಲವೋ, ಮೊದಲು ಚೆಕ್ ಮಾಡಬೇಕು. ಆ ಹೆಂಗಸಿಗೇ ತಪ್ಪಾಗಿರಬಹುದು, ಯಾರಿಗೆ ಗೊತ್ತು. ಕಂಪ್ಯೂಟರಿನಲ್ಲಿ ನೋಡಿದರೆ ಅದು ಪಿನ್ ಕೇಳಿತು. ಎಂಥ ಪಿನ್ನು, ಯಾವ ಪಿನ್ನು? ಫೈಲು ಇಟ್ಟುಕೊಂಡಿರುವ ಕಂಪನಿಗೆ, ಆ ಕ್ರೆಡಿಟ್ ಬ್ಯೂರೋಗೆ ಫೋನ್ ಮಾಡಿದರೆ ಮೊದಲು ಮಷೀನು ಎತ್ತಿಕೊಂಡು, ನಿಮ್ಮ ಕೆಲಸ ಏನೆಂದು ಒಂದೇ ಶಬ್ದದಲ್ಲಿ ಹೇಳಿ ಅಂದಿತು. ಫ್ರೀಜ್, ಅಂದಳು. ಕ್ಷಮಿಸಿ, ಅರ್ಥವಾಗಲಿಲ್ಲ. ಫ್ರೀಜ್. ಕ್ಷಮಿಸಿ. ಕಿಟಕಿ ಗಾಜು ನಡುಗುವ ಹಾಗೆ ಫ್ರೀಜ್ ಅಂತ ಕೂಗಿದಳು, ಪಕ್ಕದ ಮನೆಯ ನಾಯಿ ಬೊಗಳಿತು. ಮೂರು ಕಾಸಿನ ಮಷೀನಿಗೂ ತನ್ನ ಮಾತು ಸೇರುವುದಿಲ್ಲವಲ್ಲ! ಲ್ಯಾಬಿನಲ್ಲಿ ಕೊರಿಯಾದವನು, ಮೆಕ್ಸಿಕೋದವಳು, ಇರಾನಿನ ಮುದುಕ, ಎಲ್ಲರೂ ಅವಳು ಹೇಳಿದ್ದನ್ನು ತಿಳಿದುಕೊಂಡು ಕೆಲಸ ಮಾಡುತ್ತಾರೆ. ಗದಗಿನಲ್ಲಿ ಇದೇ ಇಂಗ್ಲಿಷಿನಲ್ಲಿ ಅವಳು ಪಾಠ ಮಾಡಿದರೆ ಹುಡುಗರು ಫಸ್ಟ್ ಕ್ಲಾಸ್ ಬರುತ್ತಿದ್ದರು. ಕೊನೆಗೆ ಮಷೀನು ಸೋತು ಒಬ್ಬ ಮನುಷ್ಯನಿಗೆ ಕೊಟ್ಟಿತು. ಎಳೆಯ ದನಿಯವನು. ಅವಳ ಹೆಸರು, ಹುಟ್ಟಿದ ತಾರೀಖು, ಸೋಷಿಯಲ್ ಸೆಕ್ಯುರಿಟಿ ನಂಬರು ಎಲ್ಲವನ್ನೂ ಎರಡೆರಡು ಸಲ ಹೇಳಿಸಿ, "ಹೌದು ಮ್ಯಾಮ್, ಫ್ರೀಜ್ ಆಗಿದೆ. ಹೋದ ವಾರ ನೀವೇ ಫೋನ್ ಮಾಡಿ ಮಾಡಿಸಿದ್ದೀರಿ," ಅಂದ.

"ನಾನಾ?"

"ನೀವೇ. ಎಲ್ಲಾ ಪ್ರಶ್ನೆಗೂ ಸರಿಯಾಗಿ ಉತ್ತರ ಕೊಟ್ಟಿದ್ದೀರಿ. ಆಗ ಕೊಟ್ಟ ಪಿನ್ ಹೇಳಿ, ಈಗಲೇ ತೆಗೆದುಬಿಡುತ್ತೇನೆ."

"ಪಿನ್ ನನ್ನ ಹತ್ತಿರ ಇಲ್ಲ."

ಆ ಕಡೆ ಕೀಲಿಮಣೆಯ ಸದ್ದು ನಿಂತಿತು. "ಮ್ಯಾಮ್, ನಾನು ದ್ರಾಕ್ಷಾಯಣಿಯವರ ಜೊತೆಗೇ ಮಾತಾಡುತ್ತಿದ್ದೇನಾ?"

"ಹೌದು, ನಾನೇ."

"ನಿಮ್ಮ ಮಾತು ಸರಿಯಾಗಿ ತಿಳಿಯುತ್ತಿಲ್ಲ. ಮನೆಯಲ್ಲಿ ಇಂಗ್ಲಿಷ್ ಬರುವವರು ಯಾರಾದರೂ ಇದ್ದರೆ ಕೊಡ್ತೀರಾ?"

ಅವಳು ಫೋನ್ ಇಟ್ಟುಬಿಟ್ಟಳು. ಅವನು ಹಾಗೆಂದದ್ದಕ್ಕಲ್ಲ, ಅದು ಅಭ್ಯಾಸವಾಗಿ ಹೋದ ಅವಮಾನ. ಹೋದ ವಾರ ದ್ರಾಕ್ಷಾಯಣಿಯಾಗಿ ಮಾತಾಡಿದವಳು ಯಾರೆಂದು ಅವಳಿಗೆ ಆಗಲೇ ತಿಳಿದುಹೋಗಿತ್ತು. ಫೋನಿನಲ್ಲಿ ದ್ರಾಕ್ಷಾಯಣಿಯಾಗಿ ಮಾತಾಡುವವಳು ಈ ಭೂಮಿಯ ಮೇಲೆ ಒಬ್ಬಳೇ.

ಶುರುವಾದದ್ದು ಹಲ್ಲಿನ ಇನ್ಶೂರೆನ್ಸಿನಿಂದ. ಮಗಳು ಶ್ರೇಯಾ ಆಗ ಮೂರನೇ ಕ್ಲಾಸು. ಸೋಫಾದ ಮೇಲೆ ಕಾಲು ಚಾಚಿ ಸೀರಿಯಲ್ ತಿನ್ನುತ್ತಿತ್ತು ಹುಡುಗಿ. ಇನ್ಶೂರೆನ್ಸಿನವಳು ಇದೇ ಮಾತು ಅಂದಿದ್ದಳು, ಇಂಗ್ಲಿಷ್ ಬರುವವರನ್ನು ಕರೀರಿ ಅಂತ. ಮೂಗಿನ ತುದಿಗೆ ಬಂದ ಅಳುವನ್ನು ಮಗಳಿಗೆ ಕಾಣದ ಹಾಗೆ ನುಂಗಿ, ತಾ ಅಮ್ಮ ಅಂತ ಮಗು ಕೈ ಚಾಚಿದಾಗ ಫೋನು ಕೊಟ್ಟುಬಿಟ್ಟಿದ್ದಳು. ಮಗುವಿನ ಜೊತೆ ಮಾತಾಡುವುದಿಲ್ಲ, ಹೆಸರಿನವರೇ ಬೇಕು ಅಂದರು ಆ ಕಡೆ. ಆಗ ಕಲಿಸಿದಳು. ನಾನ ದ್ರಾಕ್ಷಾಯಣಿ ಅನ್ನು. ದೊಡ್ಡವರ ಹಂಗ ದನಿ ಸ್ವಲ್ಪ ಇಳಿಸು. ಗುರುತು ಕೇಳಿದರೆ ಹುಟ್ಟಿದ ತಾರೀಖು ಇದು, ಅಜ್ಜಿಯ ತವರು ಹೆಸರು ಇದು. ಮಗಳು 'ದಿಸ್ ಈಸ್ ಡ್ರಕ್‌ಶಾಯ್ನಿ' ಅಂತ ಹೇಳಿದ್ದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು, ಕೆಲಸ ಆಗಿಹೋದಾಗ ಗಲ್ಲ ಹಿಂಡಿ ಮುತ್ತು ಕೊಟ್ಟಿದ್ದಳು. ಆಮೇಲೆ ಬ್ಯಾಂಕು, ಡಾಕ್ಟರು, ಗ್ಯಾಸಿನವರು, ಕಾರಿನವರು. ವಾಲ್‌ನಟ್, ಪಕ್ಕದ ಊರು ಡೈಮಂಡ್ ಬಾರ್‌ನ ನಮ್ಮ ಮಂದಿಯ ಮನೆಗಳಲ್ಲೆಲ್ಲ ಇದೇ ಕಥೆ. ಶಿವಕ್ಕ ಆಂಟಿಯ ಮಗ ರಜತ್ ಎಷ್ಟೋ ವರ್ಷ ಶಿವಕ್ಕನಾಗಿ ಮಾತಾಡಿದ. ದನಿ ಒಡೆದ ಮೇಲೆ ಪಾಪ ಆ ಕೆಲಸ ತಂಗಿಗೆ ಹೋಯಿತು. ಬಸವ ಜಯಂತಿಯ ಊಟದ ಪಂಕ್ತಿಯಲ್ಲಿ ಹೆಂಗಸರು ಇದನ್ನು ಹೇಳಿಕೊಂಡು ನಗುತ್ತಿದ್ದರು. ನನ್ನ ಮಗಳು ನನಗಿಂತ ಚಲೋ ದ್ರಾಕ್ಷಾಯಣಿ ಅದಾಳ, ಅಂತ ಅವಳೂ ಎಲ್ಲರ ಮುಂದೆ ಅಂದಿದ್ದಳು. ಅಂದಾಗ ಎದೆಯುಬ್ಬಿತ್ತಲ್ಲ? ಈಗ ಅದನ್ನು ನೆನೆದರೆ ತನ್ನ ಕಪಾಳಕ್ಕೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಮಗಳಿಗೆ ತನ್ನ ದನಿ ಸಾಲದು ಅಂತ ತಾನೇ ತೋರಿಸಿಕೊಟ್ಟ ಹಾಗಾಗಿತ್ತು. ಪೇರೆಂಟ್ ಟೀಚರ್ ಮೀಟಿಂಗಿನಲ್ಲಿ ಅವಳು ಬಾಯಿ ತೆರೆದರೆ ಮೇಜಿನ ಕೆಳಗೆ ಮಗಳ ಕಾಲು ಬಂದು ಅವಳ ಕಾಲನ್ನು ಒತ್ತುತ್ತಿತ್ತು.

ಮಗಳು ಇಂಥದ್ದನ್ನು ತಾನಾಗಿ ಮಾಡುವವಳಲ್ಲ. ಪಸಡೀನಾದ ಆಫೀಸಿನಲ್ಲಿದ್ದ ಚನ್ನವೀರ ಫೋನನ್ನು ಬೇಗನೆ ಎತ್ತಿದ. "ಏನು ದ್ರಾಕ್ಷಾಯಣಿ, ರಜಾ ಹಾಕಿದಾಕಿ ಮಲಗಬಾರದ?"

"ರೀ, ನನ್ನ ಫೈಲ್ ಫ್ರೀಜ್ ಮಾಡಿಸೀರಿ?"

"ಹ್ಞೂಂ. ಸೇಫ್ಟಿಗಂತ ಮಾಡಿಸೀನಿ. ಹೋದ ವರ್ಷ ಮಂದೀದೆಲ್ಲಾ ಡೇಟಾ ಕದ್ದಿದ್ರಲ್ಲ, ಮರತಿ ಏನು?"

"ಹೋದ ವರ್ಷ ಕದ್ದದ್ದಕ್ಕ ಈ ವರ್ಷ ಬೀಗ ಹಾಕೀರಿ?"

"ಈಗ ಫ್ರೀ ಮಾಡ್ಯಾರವ್ವಾ. ಮೊದಲ ರೊಕ್ಕ ತಗೋತಿದ್ರು."

"ನನಗ ಒಂದು ಮಾತು ಹೇಳಬೇಕಂತ ಅನಸಲಿಲ್ಲ?"

"ಹೇಳಾಕ ನೀ ಮನಿಯೊಳಗ ಇದ್ರ ಹೌದಿಲ್ಲೋ? ಬಂದಕೂಡಲೆ ಹಾಸಿಗಿ. ಮಾತು ಯಾರ ಕೂಡ ಆಡೋದು?"

ಇದು ಚುಚ್ಚಿತು. ಚುಚ್ಚಲಿ ಅಂತಲೇ ಅಂದದ್ದು. ಆದರೆ ಅವಳಿಗೆ ಆಗ ಒಂದು ಹೊಳೆಯಿತು. "ನಿಮ್ಮದೂ ಮಾಡಿಸೀರಿ?"

"ಯಾವುದು?"

"ನಿಮ್ಮ ಫೈಲು. ಮಂದೀದೆಲ್ಲಾ ಕದ್ದಾರಂದ್ರಲ್ಲ, ನೀವೂ ಮಂದಿಯೊಳಗ ಬರ್ತೀರಿ."

ಆಫೀಸಿನ ಪ್ರಿಂಟರಿನ ಸದ್ದು ಕೇಳಿಸಿತು. "ನಂದು... ಕಾರು ಬದಲಿ ಮಾಡಬೇಕಂತೀನಲ್ಲ. ಲೋನಿಗೆ ಅವರು ಫೈಲ್ ನೋಡ್ತಾರ. ಅದಕ್ಕ ಬಿಟ್ಟೀನಿ."

ಅಬ್ಬಾ! ತನ್ನ ಕಾರಿಗೆ ಫೈಲು ನೋಡುತ್ತಾರೆ ಅಂತ ಗೊತ್ತಿದ್ದವನಿಗೆ ಅವಳ ಕೋಣೆಗೂ ನೋಡುತ್ತಾರೆ ಅಂತ ಗೊತ್ತಿರಲಿಲ್ಲವೇ? ಅವನು ಜಗಳ ತೆಗೆದಿದ್ದರೆ ಅವಳೂ ಆಡಬಹುದಿತ್ತು. ಹೋಗಬೇಡ ಅಂದಿದ್ದರೆ ಯಾಕೆ ಅಂತ ಕೇಳಬಹುದಿತ್ತು, ಅಳಬಹುದಿತ್ತು, ತಟ್ಟೆ ಬಿಸಾಕಬಹುದಿತ್ತು. ಮನುಷ್ಯ ಒಂದು ಸಿಟ್ಟಿನ ಮಾತನ್ನೂ ಖರ್ಚು ಮಾಡದೆ ಕೆಲಸ ಮುಗಿಸಿದ್ದ. "ಪಿನ್ ಎಲ್ಲೈತಿ?" ಅಂದಳು.

"ಶ್ರೇಯಾನ ಫೋನಿನ್ಯಾಗ."

"ನಾ ಅವರಿಗೆ ಇದ್ದದ್ದು ಇದ್ದಂಗ ಹೇಳ್ತೀನಿ. ಫೋನ್ ಮಾಡಿದಾಕಿ ನಾ ಅಲ್ಲ ಅಂತ."

"ಏ ಹುಚ್ಚಿ, ಹಂಗೇನರ ಅಂದೀಯ! ಫ್ರಾಡ್ ಅಂತಾರ. ಹುಡುಗಿ ಕಾಲೇಜಿಗೆ ಅಪ್ಲೈ ಮಾಡೋದೈತಿ ಮುಂದ. ಇಷ್ಟ್ಯಾಕ ಅವಸರ ನಿನಗ? ಕೋಣಿ ಎಲ್ಲಿ ಓಡಿಹೋಗತಾವು, ನೋಡೋಣಂತ."

ಅವಳು ಫೋನ್ ಕಟ್ ಮಾಡಿದಳು. ಪಾಸ್‌ಪೋರ್ಟ್, ಸಂಬಳದ ಚೀಟಿಗಳು ಇದ್ದ ಕೈಚೀಲವನ್ನು ಹೆಗಲಿಗೆ ಹಾಕಿಕೊಂಡು, ಒಲೆ ಆರಿಸಿದೆನೋ ಇಲ್ಲವೋ ಅಂತ ಬಾಗಿಲಿಂದ ಒಮ್ಮೆ ತಿರುಗಿ ಬಂದು ನೋಡಿ, ಕಾರು ತೆಗೆದಳು. ಶಾಲೆ ಬಿಡಲು ಇನ್ನೂ ಹೊತ್ತಿತ್ತು. ಪಾರ್ಕಿಂಗ್ ಲಾಟಿನಲ್ಲಿ ಬಿಸಿಲಿಗೆ ಸ್ಟೀರಿಂಗು ಸುಡುತ್ತಿತ್ತು. ತನ್ನಂಥ ಅಮ್ಮಂದಿರು ಸಾಲಾಗಿ ನಿಲ್ಲಿಸಿದ ಕಾರುಗಳೊಳಗೆ ಎಸಿ ಹಾಕಿಕೊಂಡು ಫೋನು ನೋಡುತ್ತ ಕೂತಿದ್ದರು. ಇಷ್ಟು ವರ್ಷ ಇಲ್ಲೇ ಕೂತಿದ್ದೆ, ಅಂದುಕೊಂಡಳು. ಆಗ ಯಾರೂ ನನ್ನನ್ನು ಫ್ರೀಜ್ ಮಾಡಿಸಲಿಲ್ಲ, ಮಾಡಿಸುವ ಜರೂರಿಯೇ ಬೀಳಲಿಲ್ಲ. ಒಳಗೆ ಕುದಿಯುತ್ತಿದ್ದುದರ ಮಧ್ಯೆ ಒಂದು ಸಣ್ಣ ಅಂಜಿಕೆಯೂ ಇತ್ತು. ಮಗಳಿಗೆ ಗೊತ್ತಿತ್ತೇ? ಅಪ್ಪ ಮಾಡು ಅಂದ, ಯಾವತ್ತಿನ ಹಾಗೆ ಮಾಡಿದಳು, ಅಷ್ಟೇ ಇರಬಹುದು. ಹಾಗೇ ಇರಲಪ್ಪಾ ಶಿವನೇ, ಅಂದುಕೊಂಡಳು.

ಶ್ರೇಯಾ ಬಂದು, ಬ್ಯಾಗನ್ನು ಹಿಂದಿನ ಸೀಟಿಗೆ ಎಸೆದು ಕೂತಳು. ಹದಿನೈದರ ಹುಡುಗಿ, ಆಗಲೇ ತಾಯಿಗಿಂತ ಎತ್ತರ. ತಾಯಿಯ ಮುಖ ನೋಡಿ, "ವಾಟ್ ಹ್ಯಾಪನ್ಡ್?" ಅಂದಳು.

"ಪಿನ್ ಕೊಡು."

ಯಾವ ಪಿನ್ ಅಂತ ಮಗಳು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿರುತ್ತಿತ್ತು. ಪಪ್ಪಾ ಸೇಫ್ಟಿಗೆ ಅಂತ ಹೇಳಿದರು, ಅಂತ ಇಂಗ್ಲಿಷಿನಲ್ಲಿ ಗೊಣಗಿ ಕಿಟಕಿಯ ಹೊರಗೆ ನೋಡಿದಳು.

"ಯಾಕ ಮಾಡಸ್ತಾರಂತ ನಿನಗ ಗೊತ್ತಿತ್ತೇನು?"

ಶ್ರೇಯಾ ಕಿವಿಯ ಹಿಂದೆ ಕೂದಲು ಸಿಕ್ಕಿಸಿಕೊಂಡಳು, ಬಿಡಿಸಿದಳು, ಮತ್ತೆ ಸಿಕ್ಕಿಸಿಕೊಂಡಳು. ಆಮೇಲೆ ಫೋನು ತೆಗೆದು, ನಾನೇ ಮಾಡ್ತೀನಿ, ಎರಡು ನಿಮಿಷ, ನಿನ್ನ ಮಾತು ಅವರಿಗೆ ತಿಳಿಯೋದಿಲ್ಲ, ಅಂತ ಇಂಗ್ಲಿಷಿನಲ್ಲೇ ಹೇಳಿ ನಂಬರು ಒತ್ತಿದಳು. ಬೇಡ, ನಾನು ಮಾಡ್ತೀನಿ ಅನ್ನಬೇಕು ಅಂತ ದ್ರಾಕ್ಷಾಯಣಿಗೆ ಗಂಟಲವರೆಗೂ ಬಂದಿತ್ತು. ಚಾಚಿದ್ದ ಕೈ ತಾನೇ ತಾನಾಗಿ ವಾಪಸ್ ಬಂದು ಸ್ಟೀರಿಂಗಿನ ಮೇಲೆ ಕೂತಿತು. ಆ ಕೈಯ ಮೇಲೆ ಅವಳಿಗೆ ಗಂಡನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಬಂತು.

"ಹಾಯ್, ದಿಸ್ ಈಸ್ ಡ್ರಕ್‌ಶಾಯ್ನಿ."

ಸ್ಪೀಕರಿನಲ್ಲಿ ಈ ಸಲ ಒಬ್ಬ ಹೆಂಗಸು. ಮಷೀನು ತಕರಾರಿಲ್ಲದೆ ದಾಟಿಸಿತ್ತು. ಎಂಥ ಸಲೀಸು! ಹೆಸರು ಒಂದು ಸಲ ಸಾಕಾಯಿತು, ತಾರೀಖು ಒಂದು ಸಲ. ನಿಮ್ಮ ಕಡೆ ಬಿಸಿಲು ಹೇಗಿದೆ ಅಂತ ಆ ಹೆಂಗಸು ಕೇಳಿದಳು, ಭಯಂಕರ ಅಂತ ಶ್ರೇಯಾ ನಕ್ಕಳು, ಅವಳೂ ನಕ್ಕಳು. ಇಷ್ಟು ವರ್ಷದಲ್ಲಿ ಯಾವ ಕಸ್ಟಮರ್ ಕೇರಿನವರೂ ದ್ರಾಕ್ಷಾಯಣಿಯನ್ನು ಬಿಸಿಲು ಹೇಗಿದೆ ಅಂತ ಕೇಳಿರಲಿಲ್ಲ. ಮಗಳು ಅಜ್ಜಿಯ ತವರು ಹೆಸರನ್ನು ಬಾಯಿಪಾಠ ಹೇಳಿದಳು, ಪಿನ್ ಓದಿದಳು. ಆಯಿತು, ಈಗ ತೆಗೆಯಬಹುದು, ಕೆಲವು ದಿನದ ಮಟ್ಟಿಗೋ ಪೂರ್ತಿಯಾಗಿಯೋ, ಅಂತ ಕೇಳಿದಳು ಹೆಂಗಸು. ಶ್ರೇಯಾ ಮ್ಯೂಟ್ ಒತ್ತಿ ತಾಯಿಯ ಕಡೆ ತಿರುಗಿದಳು.

"ಹೌ ಲಾಂಗ್, ಅಮ್ಮ?"

ದನಿ ಸಣ್ಣದಾಗಿತ್ತು. ದ್ರಾಕ್ಷಾಯಣಿ ಮುಂದಿನ ಗಾಜನ್ನೇ ನೋಡುತ್ತ, "ಪೂರ್ತಿ ತೆಗೀರಿ ಅನ್ನು," ಅಂದಳು.

"ಪೂರ್ತಿ?"

"ಹ್ಞೂಂ. ಅನ್ನು."

ಮಗಳು ಮ್ಯೂಟ್ ತೆಗೆದಳು. "ಆಕ್ಚುವಲಿ, ಲೀವ್ ಇಟ್," ಅಂದಳು. "ಲೀವ್ ಇಟ್ ಫ್ರೋಜನ್."

ಒಳ್ಳೆಯ ನಿರ್ಧಾರ, ಈ ಕಾಲದಲ್ಲಿ ಹುಷಾರಾಗಿರಬೇಕು, ಅಂತ ಆ ಹೆಂಗಸು ಅನ್ನುವಷ್ಟರಲ್ಲಿ ದ್ರಾಕ್ಷಾಯಣಿ ಫೋನು ಕಿತ್ತುಕೊಂಡಿದ್ದಳು. ಅವಳ ಉಗುರು ಮಗಳ ಮಣಿಕಟ್ಟಿಗೆ ತಗುಲಿತು. "ಇಲ್ಲ, ಹಾಗೇ ಬಿಡಬೇಡಿ. ಫ್ರೀಜ್ ತೆಗೆಯಿರಿ. ನಾನು ದ್ರಾಕ್ಷಾಯಣಿ," ಅಂದಳು ತನ್ನ ಗದಗಿನ ಇಂಗ್ಲಿಷಿನಲ್ಲಿ.

"ಎಕ್ಸ್‌ಕ್ಯೂಸ್ ಮಿ, ತಾವು ಯಾರು?" ಹೆಂಗಸಿನ ದನಿಯಲ್ಲಿದ್ದ ಬಿಸಿಲೆಲ್ಲ ಹೋಗಿತ್ತು. "ನಾನು ಈಗಷ್ಟೇ ದ್ರಾಕ್ಷಾಯಣಿಯವರ ಜೊತೆ ಮಾತಾಡಿದೆ."

ಫೋನನ್ನು ವಾಪಸ್ ಕೊಟ್ಟು, ನಮ್ಮಮ್ಮನಿಗೆ ತಿಳಿಯೋದಿಲ್ಲ ಬಿಡಿ ಅಂತ ಮಗಳ ಕೈಲಿ ಅನ್ನಿಸಿ, ಗದರಿಸಿ, ಗೋಗರೆದು ತೆಗೆಸಿಕೊಳ್ಳಬಹುದಿತ್ತು. ಇನ್ನೂ ಹೊತ್ತಿತ್ತು, ಕೋಣೆ ಸಿಗುತ್ತಿತ್ತು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಶ್ರೇಯಾಳ ಕೈ ಕೂಡ ಫೋನಿನ ಕಡೆಗೆ ಅರ್ಧ ಬಂದಿತ್ತು. "ನೀವು ಮಾತಾಡಿದ್ದು ನನ್ನ ಮಗಳ ಜೊತೆ," ಅಂದಳು ದ್ರಾಕ್ಷಾಯಣಿ. "ಹೋದ ವಾರ ಫ್ರೀಜ್ ಮಾಡಿಸಿದವಳೂ ಅವಳೇ. ನನ್ನ ಹೆಸರಿನಲ್ಲಿ ಮಾತಾಡುವುದನ್ನು ನಾನೇ ಕಲಿಸಿದ್ದೆ. ಇಲ್ಲಿ ದ್ರಾಕ್ಷಾಯಣಿ ಒಬ್ಬಳೇ, ಅದು ನಾನು. ಬೇಕಾದ್ದು ಕೇಳಿ, ನಾನು ಉತ್ತರ ಕೊಡುತ್ತೇನೆ. ತಿಳಿಯದಿದ್ದರೆ ಇನ್ನೊಂದು ಸಲ ಕೇಳಿ."

ಆ ಕಡೆಯವಳು ಏನೂ ಕೇಳಲಿಲ್ಲ. ಫೋನಿನಲ್ಲಿ ಇನ್ನು ಏನೂ ಮಾಡಲಾಗದು, ಫೈಲು ಪೂರ್ತಿ ಲಾಕ್ ಮಾಡುತ್ತಿದ್ದೇನೆ, ಹಳೆಯ ಪಿನ್ ರದ್ದಾಯಿತು, ಗುರುತಿನ ದಾಖಲೆಗಳ ಪ್ರತಿಗಳನ್ನು ಅಂಚೆಯಲ್ಲಿ ಕಳಿಸಿ, ವಾರಗಟ್ಟಲೆ ಹಿಡಿಯಬಹುದು, ಅಂತ ಒಂದೇ ಉಸಿರಿನಲ್ಲಿ ಓದಿದಳು. ಕೊನೆಗೆ, ನಿಮ್ಮ ಮಗಳ ಮೇಲೆ ದೂರು ದಾಖಲಿಸಬೇಕೇ, ಅಂತ ಕೇಳಿದಳು. ಮಗಳ ಮುಖ ಬಿಳಿಚಿಕೊಂಡಿತ್ತು. "ಬೇಡ," ಅಂದಳು ದ್ರಾಕ್ಷಾಯಣಿ. ಅದೊಂದು ಮಾತ್ರ ಆ ಹೆಂಗಸಿಗೆ ಒಂದೇ ಸಲಕ್ಕೆ ತಿಳಿಯಿತು.

ಕಾರುಗಳು ಒಂದೊಂದಾಗಿ ಹೊರಡುತ್ತಿದ್ದವು. ಶ್ರೇಯಾ ಅಳತೊಡಗಿದಳು, ಚಿಕ್ಕವಳಿದ್ದಾಗಿನ ಹಾಗೆ ಮೂಗು ಸೊರಗುಟ್ಟಿಸಿಕೊಂಡು. "ಹೋಗಬ್ಯಾಡ ಅಮ್ಮ," ಅಂದಳು. "ನೀ ಅಲ್ಲೇ ಇರ್ತಿ ಆಮ್ಯಾಲ. ಬರೂದಿಲ್ಲ ನೀ." ಅಷ್ಟುದ್ದ ಕನ್ನಡ ಅವಳ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ. ದ್ರಾಕ್ಷಾಯಣಿಗೆ ಅವಳನ್ನು ಎದೆಗೆ ಅವುಚಿಕೊಳ್ಳಬೇಕು ಅನ್ನಿಸಿತು, ರಪ್ಪನೆ ಒಂದು ಬಿಡಬೇಕೂ ಅನ್ನಿಸಿತು. ಎರಡೂ ಮಾಡಲಿಲ್ಲ.

"ಇದನ್ನ ನನಗ ಹೇಳಬೇಕಾಗಿತ್ತಲ್ಲ ಶ್ರೇಯಾ," ಅಂದಳು. "ನಿನ್ನ ಬಾಯಿಲೆ ನನಗ ಹೇಳಬೇಕಾಗಿತ್ತು. ನೀ ನನ್ನ ಬಾಯಿಲೆ ಅವರಿಗೆ ಹೇಳಿದಿ."

ಆಮೇಲೆ ತನ್ನ ಫೋನು ತೆಗೆದು ಕಾರ್ಲ್ಸ್‌ಬಾಡ್‌ಗೆ ಹಚ್ಚಿದಳು. ಫೈಲು ತೆರೆಯಲಾಗುತ್ತಿಲ್ಲ, ಆದರೆ ನಾನು ಬರುತ್ತಿದ್ದೇನೆ, ಅಂದಳು. ಪಾಸ್‌ಪೋರ್ಟ್ ಇದೆ, ಸಂಬಳದ ಚೀಟಿ ಇದೆ, ಎದುರಿಗೆ ಕೂತು ಮಾತಾಡುತ್ತೇನೆ, ನಾನು ಬರುವವರೆಗೆ ಯಾರಿಗೂ ಕೊಡಬೇಡಿ. ಶುಕ್ರವಾರದ ಟ್ರಾಫಿಕ್ಕಿನಲ್ಲಿ ಐದರೊಳಗೆ ಮುಟ್ಟುವುದು ಆಗದ ಮಾತು, ಮುಟ್ಟಿದರೂ ಅವರು ಕೊಡುತ್ತಾರೆಂಬ ಗ್ಯಾರಂಟಿ ಇರಲಿಲ್ಲ. ಏನೂ ಭರವಸೆ ಕೊಡಲಾರೆ, ಅಂದಳು ಅಪಾರ್ಟ್‌ಮೆಂಟಿನ ಆ ಹೆಂಗಸು, ಬೆಳಗಿನಷ್ಟೇ ಸಿಹಿಯಾಗಿ. ಅಂದಹಾಗೆ ಯಾರು ಮಾತಾಡುತ್ತಿರುವುದು?

"ದ್ರಾಕ್ಷಾಯಣಿ."

"ಸಾರಿ, ಕೇಳಿಸಲಿಲ್ಲ?"

ಪಕ್ಕದಿಂದ ಶ್ರೇಯಾಳ ಕೈ ತಾನಾಗಿಯೇ ಫೋನಿನ ಕಡೆ ಬಂತು. ದ್ರಾಕ್ಷಾಯಣಿ ಆ ಕೈಯನ್ನು ಹಿಡಿದು ಅವಳ ತೊಡೆಯ ಮೇಲೆ ಇಟ್ಟಳು, ಕಾರು ಸ್ಟಾರ್ಟ್ ಮಾಡಿದಳು.

"ದ್ರಾಕ್ಷಾಯಣಿ," ಅಂದಳು.